ಬೆಳಕು ಬೇಕು, ಕಾವು ಬೇಡ

ಸೌರಫಲಕಕ್ಕೆ ಬೇಕಾದದ್ದು ಸೂರ್ಯನ ಬೆಳಕು. ಅದರ ಜೊತೆಗೆ ಬರುವ ಕಾವು ಫಲಕದ ಪಾಲಿಗೆ ನಷ್ಟವೇ. ನೀರು ಕಾಯಿಸುವ ಸೋಲಾರ್ ಹೀಟರುಗಳು ಕರ್ನಾಟಕದ ಊರುಗಳ ತಾರಸಿಗಳಲ್ಲಿ ಎಷ್ಟೋ ವರ್ಷಗಳಿಂದ ಕಂಡು ಬಳಕೆಯಾಗಿರುವುದರಿಂದ, ಪಕ್ಕದಲ್ಲಿ ಕೂರಿಸಿದ ಕರೆಂಟಿನ ಫಲಕವೂ ಬಿಸಿಲಿಗೆ ಕಾದೇ ಕೆಲಸ ಮಾಡುತ್ತದೆ ಎಂದು ಬಹಳ ಜನ ತಿಳಿದಿರುತ್ತಾರೆ. ಎರಡರ ದಾರಿಯೇ ಬೇರೆ. ಹೀಟರಿನ ಕೊಳವೆಗಳು ಬಿಸಿಲನ್ನು ಹೀರಿ ಕಾದು, ಆ ಕಾವನ್ನು ನೀರಿಗೆ ದಾಟಿಸುತ್ತವೆ. ವಿದ್ಯುತ್ ಫಲಕದಲ್ಲಿ ಕುದಿಯುವ ನೀರಿಲ್ಲ, ತಿರುಗುವ ಚಕ್ರವಿಲ್ಲ. ಗಾಜಿನ ಕೆಳಗೆ ಸಾಲಾಗಿ ಜೋಡಿಸಿದ ಸಿಲಿಕಾನ್ ಬಿಲ್ಲೆಗಳಿವೆ, ಇವೇ ಸೌರಕೋಶಗಳು. ಬೆಳಕು ಬಿದ್ದೊಡನೆ ಅವುಗಳಿಂದ ನೇರವಾಗಿ ವಿದ್ಯುತ್ ಹರಿಯುತ್ತದೆ, ಬೆಳಕು ಹೋದೊಡನೆ ನಿಲ್ಲುತ್ತದೆ. ಬಿಲ್ಲೆ ಕಾದಷ್ಟೂ ಅದು ಕೊಡುವ ವಿದ್ಯುತ್ ಇಳಿಯುತ್ತದೆ. ಏಪ್ರಿಲ್ ತಿಂಗಳ ಕಲಬುರಗಿಯ ಫಲಕ, ಅಷ್ಟೇ ಬೆಳಕು ಬೀಳುವ ಡಿಸೆಂಬರಿನ ಚಿಕ್ಕಮಗಳೂರಿನ ಫಲಕಕ್ಕಿಂತ ಹಿಂದೆ ಬೀಳುವುದು ಈ ಕಾರಣಕ್ಕೆ.

ಬೆಳಕಿನಿಂದ ವಿದ್ಯುತ್ ಹುಟ್ಟುವುದನ್ನು ಮೊದಲು ಗಮನಿಸಿದವನು ಫ್ರಾನ್ಸಿನ ಎಡ್ಮಂಡ್ ಬೆಕ್ವೆರೆಲ್. 1839ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ದ್ರಾವಣದಲ್ಲಿ ಮುಳುಗಿಸಿದ ಲೋಹದ ತಗಡುಗಳ ಮೇಲೆ ಬೆಳಕು ಬಿಟ್ಟಾಗ ಅಲ್ಪ ಪ್ರಮಾಣದ ವಿದ್ಯುತ್ ಹರಿದದ್ದನ್ನು ಅವನು ಕಂಡ. 1883ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಮ್ ಮೇಲೆ ಚಿನ್ನದ ತೆಳು ಲೇಪ ಕೊಟ್ಟು ಒಂದು ಸೌರಕೋಶ ಮಾಡಿದ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲಷ್ಟೇ ಅದರಿಂದ ವಿದ್ಯುತ್ತಾಗುತ್ತಿತ್ತು. ಕೆಲಸಕ್ಕೆ ಬರುವಂಥ ಕೋಶ ಬಂದದ್ದು ಬಹಳ ತಡವಾಗಿ. ಅಮೆರಿಕದ ಬೆಲ್ ಪ್ರಯೋಗಾಲಯದ ಡ್ಯಾರಿಲ್ ಚಾಪಿನ್, ಕ್ಯಾಲ್ವಿನ್ ಫುಲ್ಲರ್ ಮತ್ತು ಜೆರಾಲ್ಡ್ ಪಿಯರ್ಸನ್ 1954ರ ಏಪ್ರಿಲಿನಲ್ಲಿ ತಾವು ಮಾಡಿದ ಸಿಲಿಕಾನ್ ಕೋಶವನ್ನು ಜನರ ಮುಂದಿಟ್ಟರು. ಅದರ ದಕ್ಷತೆ ಶೇ. 6ರಷ್ಟಿತ್ತು. ಅಂದು ಅದರಿಂದ ಒಂದು ಆಟಿಕೆಯ ರಾಟೆ ತೊಟ್ಟಿಲನ್ನು ತಿರುಗಿಸಿ ತೋರಿಸಿದ್ದರು. ಬೆಲೆ ಮಾತ್ರ ವಿಪರೀತ. ಹಾಗಾಗಿ ಮೊದಲ ಗಿರಾಕಿಯಾದದ್ದು ಬಾಹ್ಯಾಕಾಶ. 1958ರಲ್ಲಿ ಹಾರಿದ ವ್ಯಾನ್‌ಗಾರ್ಡ್-1 ಉಪಗ್ರಹದ ಪುಟ್ಟ ರೇಡಿಯೊ ಸೌರಕೋಶಗಳ ಬಲದಿಂದ 1964ರವರೆಗೂ ಮಾತಾಡುತ್ತಿತ್ತು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ರೂಪುಗೊಂಡು 1975ರಲ್ಲಿ ಕಕ್ಷೆ ಸೇರಿದ ಆರ್ಯಭಟದ ಹಲವು ಮುಖಗಳ ಮೈಯನ್ನು ಹೊದಿಸಿದ್ದೂ ಇಂಥ ಕೋಶಗಳೇ.

ಈಗ ಆ ಬಿಲ್ಲೆಯೊಳಗೆ ಏನಾಗುತ್ತದೆ ಎಂಬುದಕ್ಕೆ ಬರಬಹುದು. ಬೆಳಕು ಫೋಟಾನ್ ಎಂಬ ಬಿಡಿ ಬಿಡಿ ಶಕ್ತಿಕಣಗಳಾಗಿ ಬರುತ್ತದೆ. ಐನ್‌ಸ್ಟೈನ್ 1905ರಲ್ಲಿ ಮುಂದಿಟ್ಟ ಈ ವಿಚಾರವೇ ಮುಂದೆ ಅವರಿಗೆ ನೊಬೆಲ್ ತಂದುಕೊಟ್ಟಿತು. ಇನ್ನು ಸಿಲಿಕಾನ್, ಮರಳಿನಲ್ಲಿ ಹೇರಳವಾಗಿರುವ ಧಾತು. ಅದರ ಪ್ರತಿ ಪರಮಾಣುವಿನ ಹೊರಕವಚದಲ್ಲಿ ನಾಲ್ಕು ಎಲೆಕ್ಟ್ರಾನುಗಳಿರುತ್ತವೆ, ನಾಲ್ಕೂ ಅಕ್ಕಪಕ್ಕದ ಪರಮಾಣುಗಳ ಜೊತೆ ಬೆಸೆದುಕೊಂಡಿರುತ್ತವೆ. ಹರಿದಾಡಲು ಬಿಡುವಾದ ಎಲೆಕ್ಟ್ರಾನ್ ಇಲ್ಲದ ಕಾರಣ ಶುದ್ಧ ಸಿಲಿಕಾನಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದಿಲ್ಲ. ಸಾಕಷ್ಟು ಶಕ್ತಿಯುಳ್ಳ ಫೋಟಾನ್ ಬಂದು ಬಡಿದರೆ ಒಂದು ಎಲೆಕ್ಟ್ರಾನ್ ಬಂಧ ಕಳಚಿಕೊಂಡು ಹೊರಬರುತ್ತದೆ. ಅದು ಬಿಟ್ಟ ಖಾಲಿ ಜಾಗಕ್ಕೆ ರಂಧ್ರ ಎನ್ನುತ್ತಾರೆ. ಪಕ್ಕದ ಎಲೆಕ್ಟ್ರಾನ್ ಆ ಜಾಗಕ್ಕೆ ಸರಿದರೆ ಖಾಲಿ ಜಾಗ ಪಕ್ಕಕ್ಕೆ ಹೋಗುತ್ತದೆ. ಹೀಗೆ ರಂಧ್ರವೂ ಧನಾವೇಶದ ಕಣದ ಹಾಗೆ ಓಡಾಡುತ್ತದೆ.

ಇಷ್ಟಾದರೆ ಸಾಲದು. ಬಿಡುಗಡೆಯಾದ ಎಲೆಕ್ಟ್ರಾನನ್ನು ಅಲ್ಲೇ ಬಿಟ್ಟರೆ ಕ್ಷಣಾರ್ಧದಲ್ಲಿ ಮತ್ತೆ ಯಾವುದೋ ರಂಧ್ರಕ್ಕೆ ಬಿದ್ದು, ಪಡೆದ ಶಕ್ತಿಯನ್ನೆಲ್ಲ ಕಾವಾಗಿ ಕಳೆದುಕೊಳ್ಳುತ್ತದೆ. ಎಲೆಕ್ಟ್ರಾನನ್ನು ಒಂದು ಕಡೆಗೆ, ರಂಧ್ರವನ್ನು ಇನ್ನೊಂದು ಕಡೆಗೆ ಎಳೆಯುವ ಬಲವೊಂದು ಬಿಲ್ಲೆಯೊಳಗೇ ಇರಬೇಕು. ಅದಕ್ಕಾಗಿ ಸಿಲಿಕಾನಿಗೆ ಬೇಕೆಂದೇ ಬೆರಕೆ ಮಾಡುತ್ತಾರೆ. ಒಂದು ಪದರಕ್ಕೆ ಹೊರಕವಚದಲ್ಲಿ ಐದು ಎಲೆಕ್ಟ್ರಾನುಗಳಿರುವ ರಂಜಕವನ್ನು ಎಳ್ಳಷ್ಟು ಸೇರಿಸುತ್ತಾರೆ. ನಾಲ್ಕು ಬಂಧಕ್ಕೆ ಹೋಗಿ ಐದನೆಯದು ಬಿಡಿಯಾಗಿ ಉಳಿಯುತ್ತದೆ. ಇದು ಎನ್ ಪದರ. ಇನ್ನೊಂದಕ್ಕೆ ಮೂರೇ ಎಲೆಕ್ಟ್ರಾನುಗಳಿರುವ ಬೋರಾನ್ ಅಥವಾ ಗ್ಯಾಲಿಯಮ್ ಸೇರಿಸುತ್ತಾರೆ. ಅಲ್ಲಿ ಒಂದೊಂದು ಬಂಧದಲ್ಲಿ ಕೊರತೆ ಬಿದ್ದು ರಂಧ್ರಗಳು ಹೆಚ್ಚುತ್ತವೆ. ಇದು ಪಿ ಪದರ. ಎರಡೂ ಸೇರುವ ಗಡಿಯಲ್ಲಿ ಎನ್ ಬದಿಯ ಎಲೆಕ್ಟ್ರಾನುಗಳು ಪಿ ಬದಿಗೆ ಹಾದು ಅಲ್ಲಿನ ರಂಧ್ರಗಳನ್ನು ತುಂಬುತ್ತವೆ. ಹಾದುಹೋದ ಜಾಗದಲ್ಲಿ ಧನಾವೇಶ, ಹೋಗಿ ಸೇರಿದ ಜಾಗದಲ್ಲಿ ಋಣಾವೇಶ ಉಳಿದು ಗಡಿಯ ಉದ್ದಕ್ಕೂ ಒಂದು ವಿದ್ಯುತ್ ಕ್ಷೇತ್ರ ಏರ್ಪಡುತ್ತದೆ. ಸ್ವಲ್ಪ ಹೊತ್ತಿನಲ್ಲೇ ಆ ಕ್ಷೇತ್ರ ಬಲಗೊಂಡು ಮುಂದಿನ ವಲಸೆಯನ್ನು ತಾನೇ ತಡೆಯುತ್ತದೆ. ಫಲಕದ ಎಲ್ಲ ಚಮತ್ಕಾರವೂ ಈ ಗಡಿಯಲ್ಲಿದೆ. ಬೆಳಕಿನಿಂದ ಹುಟ್ಟಿದ ಎಲೆಕ್ಟ್ರಾನ್ ಇಲ್ಲಿಗೆ ಬಂದರೆ ಎನ್ ಬದಿಗೆ, ರಂಧ್ರ ಬಂದರೆ ಪಿ ಬದಿಗೆ ತಳ್ಳಲ್ಪಡುತ್ತದೆ. ಎನ್ ಬದಿಯಲ್ಲಿ ಗುಂಪುಗೂಡಿದ ಎಲೆಕ್ಟ್ರಾನುಗಳಿಗೆ ಹೊರಗಿನಿಂದ ತಂತಿಯ ದಾರಿ ತೋರಿಸಿದರೆ ಅವು ಬಲ್ಬು, ಪಂಪು, ಬ್ಯಾಟರಿಗಳ ಮೂಲಕ ಹಾದು ಪಿ ಬದಿಗೆ ಮರಳುತ್ತವೆ. ಸಿಲಿಕಾನಿನಲ್ಲಿ ಏನೂ ಖರ್ಚಾಗುವುದಿಲ್ಲ. ಫಲಕ ಕಾಲು ಶತಮಾನ ಬಾಳುವುದು ಇದರಿಂದಲೇ.

ಒಂದು ಕೋಶವನ್ನು ಹತ್ತಿರದಿಂದ ನೋಡಿದರೆ ಅದರ ಪ್ರತಿಯೊಂದು ಗುರುತಿಗೂ ಕಾರಣವಿದೆ. ದಪ್ಪ ಮಿಲಿಮೀಟರಿನ ಆರನೇ ಒಂದು ಪಾಲಿನಷ್ಟು. ನಾಲ್ಕೂ ಮೂಲೆ ಕತ್ತರಿಸಿದಂತೆ ಕಂಡರೆ ಅದು ಮಾನೊ, ಅಂದರೆ ಏಕಸ್ಫಟಿಕ ಸಿಲಿಕಾನ್. ಕರಗಿದ ಸಿಲಿಕಾನಿನಿಂದ ನಿಧಾನವಾಗಿ ಮೇಲೆಳೆದ ದುಂಡನೆಯ ದಿಮ್ಮಿಯನ್ನು ಹೋಳು ಮಾಡಿದ್ದರಿಂದ ಮೂಲೆಗಳು ಪೂರ್ತಿ ಸಿಕ್ಕಿರುವುದಿಲ್ಲ. ಹರಳುಹರಳಾದ ನೀಲಿ ಚೂರುಗಳಂತೆ ಕಂಡರೆ ಅದು ಪಾಲಿ, ಅಚ್ಚಿಗೆ ಹೊಯ್ದು ಮಾಡಿದ ಬಹುಸ್ಫಟಿಕ. ಹರಳುಗಳ ಅಂಚುಗಳಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಬೀಳುವುದರಿಂದ ಪಾಲಿ ಫಲಕದ ದಕ್ಷತೆ ತುಸು ಕಡಿಮೆ, ಹೊಸ ಫಲಕಗಳಲ್ಲಿ ಅದು ಹೆಚ್ಚುಕಡಿಮೆ ಮರೆಯಾಗಿದೆ. ಬರಿಯ ಸಿಲಿಕಾನ್ ಕನ್ನಡಿಯಂತೆ ಹೊಳೆದು ಬಿದ್ದ ಬೆಳಕಿನಲ್ಲಿ ಮೂರರಲ್ಲೊಂದು ಪಾಲನ್ನು ವಾಪಸು ಕಳಿಸಿಬಿಡುತ್ತದೆ. ಇದನ್ನು ತಪ್ಪಿಸಲು ಅದರ ಮೈಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗೋಪುರಗಳಾಗಿ ಒರಟು ಮಾಡುತ್ತಾರೆ. ಒಂದು ಗೋಪುರದಿಂದ ಪುಟಿದ ಬೆಳಕು ಪಕ್ಕದ್ದಕ್ಕೆ ಬಡಿದು ಒಳಸೇರುತ್ತದೆ. ಅದರ ಮೇಲೆ ಸಿಲಿಕಾನ್ ನೈಟ್ರೈಡಿನ ಅತಿ ತೆಳು ಲೇಪ. ಕೋಶಗಳ ಕಡುನೀಲಿ ಬಣ್ಣ ಈ ಲೇಪದ್ದೇ ಹೊರತು ಸಿಲಿಕಾನಿನದಲ್ಲ. ಮೇಲೆ ಓಡುವ ಕೂದಲೆಳೆಯಂಥ ಗೆರೆಗಳು ಬೆಳ್ಳಿಯವು, ಎಲೆಕ್ಟ್ರಾನುಗಳನ್ನು ಕೂಡಿಸಿಕೊಳ್ಳಲು ಎಳೆದವು. ಗೆರೆ ಹೆಚ್ಚಾದರೆ ಎಲೆಕ್ಟ್ರಾನಿನ ದಾರಿ ಹತ್ತಿರವಾಗುತ್ತದೆ, ಆದರೆ ಗೆರೆಯ ನೆರಳು ಕೋಶದ ಮೇಲೇ ಬೀಳುತ್ತದೆ. ತಯಾರಕರು ವರ್ಷದಿಂದ ವರ್ಷಕ್ಕೆ ಗೆರೆಗಳನ್ನು ತೆಳ್ಳಗೆ ಮಾಡುತ್ತ ಬಂದಿರುವುದಕ್ಕೆ ನೆರಳೂ ಕಾರಣ, ಬೆಳ್ಳಿಯ ಬೆಲೆಯೂ ಕಾರಣ.

ಒಂದು ಕೋಶ ಕೊಡುವುದು ಅರ್ಧ ವೋಲ್ಟಿಗಿಂತ ತುಸು ಹೆಚ್ಚು, ಅಷ್ಟೆ. ಅದಕ್ಕಾಗಿ ಹತ್ತಾರು ಕೋಶಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಬೆಸೆಯುತ್ತಾರೆ. ಮನೆಗಳ ಮೇಲೂ ಸೌರ ಪಾರ್ಕುಗಳಲ್ಲೂ ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯವಾಗಿ ಕಾಣುವ 540 ವ್ಯಾಟ್ ಫಲಕದಲ್ಲಿ 72 ಕೋಶಗಳ ಲೆಕ್ಕವಿರುತ್ತದೆ. ಪ್ರತಿಯೊಂದನ್ನೂ ಎರಡು ಹೋಳು ಮಾಡಿರುವುದರಿಂದ ಎಣಿಸಿದರೆ 144 ಸಿಗುತ್ತವೆ. ಪೂರ್ತಿ ಬೆಳಕಿನಲ್ಲಿ ಅದು ಹತ್ತಿರಹತ್ತಿರ 42 ವೋಲ್ಟಿನಲ್ಲಿ 13 ಆಂಪಿಯರ್ ಕೊಡುತ್ತದೆ. ಕೋಶಗಳ ಮೇಲೆ ಕೆಳಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಮುಂದೆ ಹದಗೊಳಿಸಿದ ಗಾಜು, ಹಿಂದೆ ತೇವ ತಡೆಯುವ ಹೊದಿಕೆ, ಸುತ್ತ ಅಲ್ಯೂಮಿನಿಯಮ್ ಚೌಕಟ್ಟು. ಇವೆಲ್ಲ ಇರುವುದು ಮಳೆ ಗಾಳಿಗಳಿಂದ ಕೋಶವನ್ನು ಕಾಪಾಡಲಿಕ್ಕೆ.

ಈ ಫಲಕದ ವಿಸ್ತೀರ್ಣ ಸುಮಾರು 2.6 ಚದರ ಮೀಟರ್. ಚದರ ಮೀಟರಿಗೆ 1000 ವ್ಯಾಟಿನಂತೆ ಬಿಸಿಲು ಬಿದ್ದರೆ ಒಟ್ಟು 2600 ವ್ಯಾಟ್ ಬಂದು, ವಿದ್ಯುತ್ತಾಗುವುದು 540. ಅಂದರೆ ದಕ್ಷತೆ ಶೇ. 21ರ ಆಸುಪಾಸು. ಉಳಿದ ಐದರಲ್ಲಿ ನಾಲ್ಕು ಪಾಲು ಎಲ್ಲಿ ಹೋಯಿತು ಎಂಬುದು ನ್ಯಾಯವಾದ ಪ್ರಶ್ನೆ. ತಯಾರಿಕೆಯ ಕೊರತೆ ಇದರಲ್ಲಿ ಸ್ವಲ್ಪವೇ. ಬಹುಪಾಲು ನಷ್ಟ ಪ್ರಕೃತಿಯ ನಿಯಮದಿಂದಲೇ ಆಗುವಂಥದು. ಸಿಲಿಕಾನಿನಲ್ಲಿ ಎಲೆಕ್ಟ್ರಾನನ್ನು ಬಿಡಿಸಲು 1.12 ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಬೇಕು. ಬಿಸಿಲಿನಲ್ಲಿರುವ ಅವಕೆಂಪು ಕಿರಣಗಳ ಬಹುಪಾಲು ಫೋಟಾನುಗಳಲ್ಲಿ ಅಷ್ಟು ಶಕ್ತಿಯಿಲ್ಲ. ಅವು ಎಷ್ಟೇ ಸಂಖ್ಯೆಯಲ್ಲಿ ಬಂದರೂ ಒಂದು ಎಲೆಕ್ಟ್ರಾನೂ ಕದಲುವುದಿಲ್ಲ. ಬಿಸಿಲಿನ ಶಕ್ತಿಯ ಐದನೇ ಒಂದು ಪಾಲು ಹೀಗೆ ಹೋಗುತ್ತದೆ. ಇತ್ತ ನೀಲಿ ಫೋಟಾನಿನಲ್ಲಿ ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ. ಅದೂ ಬಿಡಿಸುವುದು ಒಂದೇ ಎಲೆಕ್ಟ್ರಾನನ್ನು. ಮಿಕ್ಕ ಶಕ್ತಿ ಕಣ್ಣು ಮಿಟುಕಿಸುವ ಮೊದಲೇ ಕಾವಾಗಿ ಸಿಲಿಕಾನಿಗೆ ಸೇರುತ್ತದೆ. ಈ ಬಾಬತ್ತಿನಲ್ಲಿ ಇನ್ನೂ ಮೂರನೇ ಒಂದು ಪಾಲು ನಷ್ಟ. ಟ್ರಾನ್ಸಿಸ್ಟರ್ ಖ್ಯಾತಿಯ ವಿಲಿಯಮ್ ಶಾಕ್ಲಿ ಮತ್ತು ಹ್ಯಾನ್ಸ್ ಕ್ವೈಸರ್ 1961ರಲ್ಲಿ ಈ ಲೆಕ್ಕ ಹಾಕಿ, ಒಂದೇ ಗಡಿಯುಳ್ಳ ಕೋಶ ಎಷ್ಟೇ ಚೆನ್ನಾಗಿದ್ದರೂ ಸಾಮಾನ್ಯ ಬಿಸಿಲಿನಲ್ಲಿ ಮೂರನೇ ಒಂದು ಪಾಲಿನಷ್ಟಕ್ಕಿಂತ ಹೆಚ್ಚನ್ನು ವಿದ್ಯುತ್ತಾಗಿಸಲಾರದು ಎಂದು ತೋರಿಸಿದರು. ಸಿಲಿಕಾನಿನ ಮಟ್ಟಿಗೆ ಆ ಮಿತಿ ಶೇ. 29ರ ಸುಮಾರಿಗೆ ನಿಲ್ಲುತ್ತದೆ. ಪ್ರಯೋಗಾಲಯದ ಅತ್ಯುತ್ತಮ ಸಿಲಿಕಾನ್ ಕೋಶಗಳು ಶೇ. 27 ದಾಟಿವೆ. ಅಂಗಡಿಯಲ್ಲಿ ಸಿಗುವ ಒಳ್ಳೆಯ ಫಲಕಗಳು ಶೇ. 20ರಿಂದ 23ರ ನಡುವೆ ಇವೆ. ಹಾಗಾಗಿ ಶೇ. 40ರ ಫಲಕವೆಂದು ಯಾರಾದರೂ ಮಾರಲು ಬಂದರೆ ಮಾತು ಮುಂದುವರಿಸದಿರುವುದೇ ಲೇಸು.

ಈ ಮಿತಿ ಒಂದೇ ವಸ್ತುವಿನ ಕೋಶಕ್ಕೆ ಅನ್ವಯಿಸುವಂಥದ್ದು. ನೀಲಿ ಹಸಿರುಗಳನ್ನು ಚೆನ್ನಾಗಿ ಬಳಸಿಕೊಳ್ಳುವ ಬೇರೆ ವಸ್ತುವನ್ನು ಸಿಲಿಕಾನಿನ ಮೇಲೆ ಹೊದಿಸಿ, ಕೆಂಪು ಅವಕೆಂಪುಗಳನ್ನು ಕೆಳಗಿನ ಸಿಲಿಕಾನಿಗೆ ಬಿಟ್ಟರೆ ಮಿತಿಯನ್ನು ದಾಟಬಹುದು. ಉಪಗ್ರಹಗಳಲ್ಲಿ ಇಂಥ ಬಹುಪದರದ ಕೋಶಗಳು ಬಹಳ ಕಾಲದಿಂದ ಇವೆ, ಆದರೆ ಅವುಗಳ ಬೆಲೆ ಮನೆಯ ತಾರಸಿಗೆ ಎಟುಕುವಂಥದ್ದಲ್ಲ. ಅಗ್ಗದ ದಾರಿ ಪೆರೋವ್‌ಸ್ಕೈಟ್ ಎಂಬ ವರ್ಗದ ಸ್ಫಟಿಕಗಳಿಂದ ಸಿಗಬಹುದೆಂಬ ನಿರೀಕ್ಷೆಯಿದೆ. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕಾ ತಂಡ ಮಾಡಿದ ಮೊದಲ ಪೆರೋವ್‌ಸ್ಕೈಟ್ ಕೋಶದ ದಕ್ಷತೆ ಶೇ. 4ನ್ನೂ ಮುಟ್ಟಿರಲಿಲ್ಲ. ಹದಿನೈದೇ ವರ್ಷಗಳಲ್ಲಿ ಸಿಲಿಕಾನಿನ ಮೇಲೆ ಪೆರೋವ್‌ಸ್ಕೈಟ್ ಹೊದಿಸಿದ ಪ್ರಯೋಗಾಲಯದ ಜೋಡಿಕೋಶಗಳು ಶೇ. 34ನ್ನು ದಾಟಿದವು. ತೊಡಕಿರುವುದು ಬಾಳಿಕೆಯಲ್ಲಿ. ತೇವ, ಕಾವು, ಅತಿನೇರಳೆ ಕಿರಣ, ಮೂರೂ ಪೆರೋವ್‌ಸ್ಕೈಟನ್ನು ಹಾಳುಮಾಡುತ್ತವೆ. ಸಿಲಿಕಾನ್ ಇಪ್ಪತ್ತೈದು ವರ್ಷ ತಡೆದುಕೊಳ್ಳುವುದನ್ನು ಇದೂ ತಡೆದುಕೊಳ್ಳಬೇಕು.

ಕೊಳ್ಳುವವರು ದಕ್ಷತೆಯ ಅಂಕಿಗೆ ಕೊಡುವ ಮಹತ್ವ ಅಗತ್ಯಕ್ಕಿಂತ ಹೆಚ್ಚು. 540 ವ್ಯಾಟ್ ಎಂದರೆ 540 ವ್ಯಾಟೇ, ಅದನ್ನು ಶೇ. 18ರ ಫಲಕ ಕೊಟ್ಟರೂ ಅಷ್ಟೇ, ಶೇ. 22ರ ಫಲಕ ಕೊಟ್ಟರೂ ಅಷ್ಟೇ. ವ್ಯತ್ಯಾಸ ಬೀಳುವುದು ಜಾಗದಲ್ಲಿ. ಬೆಂಗಳೂರಿನ ಮೂವತ್ತು ನಲವತ್ತರ ಸೈಟಿನ ಮನೆಯಲ್ಲಿ ತಾರಸಿಯ ಅರ್ಧವನ್ನು ನೀರಿನ ಟ್ಯಾಂಕು, ಮೆಟ್ಟಿಲ ಕೋಣೆ, ಬಟ್ಟೆ ಒಣಹಾಕುವ ತಂತಿ ಹಿಡಿದುಕೊಂಡಿರುತ್ತವೆ. ಅಲ್ಲಿ ಹೆಚ್ಚು ದಕ್ಷತೆಗೆ ಹೆಚ್ಚು ದುಡ್ಡು ಕೊಡುವುದಕ್ಕೆ ಅರ್ಥವಿದೆ. ತುಮಕೂರು ಜಿಲ್ಲೆಯ ಪಾವಗಡದ ಲೆಕ್ಕ ಬೇರೆ. ಅಲ್ಲಿ ತಿರುಮಣಿ, ವಳ್ಳೂರು ಸುತ್ತಮುತ್ತಲ ಊರುಗಳ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟಿನ ಸೌರ ಪಾರ್ಕು ಹರಡಿಕೊಂಡಿದೆ. ಅಷ್ಟು ಹರವಿರುವಲ್ಲಿ ವ್ಯಾಟಿಗೆ ಎಷ್ಟು ರೂಪಾಯಿ ಎಂಬುದೇ ಮುಖ್ಯ. ಫಲಕ ತುಸು ದೊಡ್ಡದಾದರೂ ಅಗ್ಗವಾಗಿದ್ದರೆ ಲೆಕ್ಕ ಕೂಡಿಬರುತ್ತದೆ.

ಫಲಕದ ಬೆನ್ನಿಗೆ ಅಂಟಿಸಿದ ಚೀಟಿಯ ಮೇಲಿನ 540 ಎಂಬ ಅಂಕಿ ಕಾರ್ಖಾನೆಯ ಪರೀಕ್ಷೆಯದು. ಚದರ ಮೀಟರಿಗೆ 1000 ವ್ಯಾಟ್ ಬೆಳಕು, ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಎಂಬ ಗೊತ್ತಾದ ಸ್ಥಿತಿಯಲ್ಲಿ, ಕ್ಷಣಮಾತ್ರ ಮಿಂಚುವ ದೀಪದ ಕೆಳಗೆ ಅಳೆದದ್ದು. ಜಗತ್ತಿನ ಎಲ್ಲ ಫಲಕಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಇದು ಸರಿಯಾದ ಏರ್ಪಾಡೇ. ಆದರೆ ಅಷ್ಟು ಬಿಸಿಲಿದ್ದಾಗ ಕೋಶ 25 ಡಿಗ್ರಿಯಲ್ಲಿರುವುದು ನಮ್ಮ ಸೀಮೆಯಲ್ಲಿ ಆಗುವ ಮಾತಲ್ಲ. ಗಾಳಿಗೆ ತೆರೆದುಕೊಂಡ ಫಲಕದ ಕೋಶಗಳು ಒಳ್ಳೆಯ ಬಿಸಿಲಿನಲ್ಲಿ ಸುತ್ತಲ ಗಾಳಿಗಿಂತ 25ರಿಂದ 30 ಡಿಗ್ರಿಯಷ್ಟು ಹೆಚ್ಚು ಕಾಯುತ್ತವೆ.

ಕಾದರೆ ನಷ್ಟವೇಕೆ? ಸಿಲಿಕಾನಿನ ಪರಮಾಣುಗಳು ಕಾವಿಗೆ ಅದುರಾಡಿದಷ್ಟೂ ಬೆಳಕಿಲ್ಲದೆಯೇ ಎಲೆಕ್ಟ್ರಾನುಗಳು ಬಂಧ ಕಳಚಿಕೊಳ್ಳತೊಡಗುತ್ತವೆ. ಆಗ ಗಡಿಯ ಎರಡೂ ಬದಿಯಲ್ಲಿ ಎಲೆಕ್ಟ್ರಾನೂ ರಂಧ್ರವೂ ಮತ್ತೆ ಕೂಡಿಕೊಳ್ಳುವುದು ಹೆಚ್ಚಿ, ಕೋಶದ ವೋಲ್ಟೇಜ್ ಇಳಿಯುತ್ತದೆ. ಒಂದು ಡಿಗ್ರಿಗೆ ಒಂದು ಕೋಶದಲ್ಲಿ ಸುಮಾರು 2 ಮಿಲಿವೋಲ್ಟ್ ಇಳಿತ. ಕೇಳಲು ಅಲ್ಪವೇ. ಆದರೆ ಕಲಬುರಗಿಯಲ್ಲಿ ಏಪ್ರಿಲಿನ ಮಧ್ಯಾಹ್ನ ಗಾಳಿ 42 ಡಿಗ್ರಿ ಇದ್ದು, ಕೋಶ 70ಕ್ಕೆ ಏರಿತು ಎನ್ನೋಣ. ಪರೀಕ್ಷೆಯ ಉಷ್ಣತೆಗಿಂತ 45 ಡಿಗ್ರಿ ಹೆಚ್ಚಾಯಿತು. 72 ಕೋಶಗಳಿಗೆ ಸೇರಿ ಆರೂವರೆ ವೋಲ್ಟ್, ಅಂದರೆ 42 ವೋಲ್ಟಿನಲ್ಲಿ ಶೇ. 15ಕ್ಕಿಂತ ಹೆಚ್ಚು ಹೋಯಿತು. ಪ್ರವಾಹ ಕಾವಿಗೆ ತುಸು ಏರುವುದುಂಟು, ಆದರೆ ಈ ನಷ್ಟವನ್ನು ತುಂಬುವಷ್ಟಲ್ಲ. ತಯಾರಕರ ಪತ್ರಿಕೆಯಲ್ಲಿ ಇದನ್ನೇ ಡಿಗ್ರಿಗೆ ಶೇ. 0.35 ಇಳಿತ ಎಂದು ಬರೆದಿರುತ್ತಾರೆ. ಬಿಸಿಲು ಚದರ ಮೀಟರಿಗೆ 900 ವ್ಯಾಟ್ ಇದೆ ಎಂದಿಟ್ಟುಕೊಂಡರೆ ಕಲಬುರಗಿಯ ಆ ಫಲಕದಿಂದ ಬರುವುದು 410 ವ್ಯಾಟಿನಷ್ಟು. ಅದೇ 900 ವ್ಯಾಟ್ ಬಿಸಿಲು 24 ಡಿಗ್ರಿಯ ಗಾಳಿಯಲ್ಲಿರುವ ಚಿಕ್ಕಮಗಳೂರಿನ ಫಲಕಕ್ಕೆ ಬಿದ್ದರೆ 440 ವ್ಯಾಟ್ ಸಿಗುತ್ತದೆ. ಬಿಲ್ಲೆಯ ಬಹುಭಾಗ ಎನ್ ಪದರವೇ ಆಗಿರುವ ಎನ್ ಮಾದರಿಯ ಹೊಸ ಫಲಕಗಳಲ್ಲಿ ಈ ಇಳಿತ ಡಿಗ್ರಿಗೆ ಶೇ. 0.3ರ ಆಸುಪಾಸಿಗೆ ಬಂದಿದೆ. ಬಯಲುಸೀಮೆಯವರು ಫಲಕ ಕೊಳ್ಳುವಾಗ ದಕ್ಷತೆಗಿಂತ ಮೊದಲು ನೋಡಬೇಕಾದ ಸಾಲು ಇದು. ಫಲಕವನ್ನು ಶೀಟಿನ ಚಾವಣಿಗೆ ಒತ್ತಿ ಕೂರಿಸದೆ ಕೆಳಗೆ ಗಾಳಿಯಾಡಲು ಜಾಗ ಬಿಟ್ಟರೆ ಕಾಸಿನ ಖರ್ಚಿಲ್ಲದೆ ಕೆಲವು ಡಿಗ್ರಿ ಇಳಿಯುತ್ತದೆ.

ಓರೆ ಮತ್ತು ದಿಕ್ಕಿನ ವಿಷಯದಲ್ಲಿ ಭೂಗೋಳವೇ ಗುರು. ಬೆಳಕು ನೆಟ್ಟಗೆ ಬಿದ್ದರೆ ಪೂರ್ತಿ ಫಲ. ನೇರದಿಂದ 30 ಡಿಗ್ರಿ ಓರೆಯಾದರೆ ಶೇ. 87, 60 ಡಿಗ್ರಿ ಓರೆಯಾದರೆ ಅರ್ಧ. ವರ್ಷವಿಡೀ ಕದಲದೆ ನಿಲ್ಲುವ ಫಲಕವನ್ನು ಭಾರತದಲ್ಲಿ ದಕ್ಷಿಣಕ್ಕೆ ಮುಖ ಮಾಡಿ, ಊರಿನ ಅಕ್ಷಾಂಶದಷ್ಟು ಓರೆಯಲ್ಲಿ ಕೂರಿಸುವುದು ರೂಢಿ. ಬೆಂಗಳೂರಿಗೆ ಅದು 13 ಡಿಗ್ರಿ, ಬೀದರಿಗೆ 18. ಇಲ್ಲೊಂದು ಸ್ವಾರಸ್ಯವಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ, ಆಗಸ್ಟ್ ಮಧ್ಯದಲ್ಲಿ ಒಂದು ದಿನ ಬೆಂಗಳೂರಿನಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೆ ಬಂದು ನೆರಳು ಮಾಯವಾಗುತ್ತದೆ. ಈ ಎರಡು ದಿನಗಳ ನಡುವಿನ ಮೂರೂಮುಕ್ಕಾಲು ತಿಂಗಳು ಸೂರ್ಯ ಮಧ್ಯಾಹ್ನ ಉತ್ತರದ ಕಡೆಗಿರುತ್ತಾನೆ. ಅಷ್ಟು ದಿನ ದಕ್ಷಿಣಮುಖಿ ಫಲಕ ಅವನಿಗೆ ಅರೆಬೆನ್ನು ತೋರಿಸಿದಂತೆಯೇ. ಆದರೂ ರೂಢಿ ತಪ್ಪಲ್ಲ. ಆ ಅವಧಿಯ ಬಹುಭಾಗ ಮುಂಗಾರಿನ ಮೋಡ ಕವಿದಿರುತ್ತದೆ. ಆಕಾಶ ತಿಳಿಯಾಗಿರುವ ಡಿಸೆಂಬರಿನಿಂದ ಮಾರ್ಚಿನವರೆಗೆ ಸೂರ್ಯ ದಕ್ಷಿಣದಲ್ಲೇ ಇರುತ್ತಾನೆ. ಇಷ್ಟು ಕೆಳಗಿನ ಅಕ್ಷಾಂಶದಲ್ಲಿ ನಾಲ್ಕೈದು ಡಿಗ್ರಿ ಹೆಚ್ಚುಕಡಿಮೆಯಾದರೆ ವರ್ಷದ ಉತ್ಪಾದನೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇನೂ ಆಗದು. ಪೂರ್ವಕ್ಕೋ ಪಶ್ಚಿಮಕ್ಕೋ ಮುಖಮಾಡಿದ ಚಾವಣಿಯೂ ಪೂರಾ ವ್ಯರ್ಥವಲ್ಲ. ಚಪ್ಪಟೆಯಾಗಿ ಮಲಗಿಸುವುದು ಮಾತ್ರ ಬೇಡ. ಹತ್ತು ಡಿಗ್ರಿಯಾದರೂ ಓರೆಯಿದ್ದರೆ ಮಳೆನೀರು ಧೂಳನ್ನು ತೊಳೆದುಕೊಂಡು ಇಳಿಯುತ್ತದೆ.

ಫಲಕ ಮಾರುವವರ ಬಾಯಲ್ಲಿ ದಕ್ಷತೆಯ ಮಾತು ಬಂದಷ್ಟು ಸಲ ನೆರಳಿನ ಮಾತು ಬರುವುದಿಲ್ಲ, ಮನೆಯ ತಾರಸಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪೆಟ್ಟು ಅದರದ್ದೇ. ನೂರರಲ್ಲಿ ಐದು ಪಾಲು ನೆರಳು ಬಿದ್ದರೆ ಐದು ಪಾಲು ನಷ್ಟ ಎಂದು ಯಾರಿಗಾದರೂ ತೋರುವುದು ಸಹಜ. ಸರಣಿಯಲ್ಲಿ ಬೆಸೆದ ಕೋಶಗಳ ಲೆಕ್ಕ ಹಾಗೆ ನಡೆಯುವುದಿಲ್ಲ. ತೋಟಕ್ಕೆ ನೀರು ಬಿಡುವ ಪೈಪನ್ನು ಒಂದು ಕಡೆ ತುಳಿದರೆ ಪೈಪಿನ ಉದ್ದಕ್ಕೂ ನೀರು ಕುಗ್ಗುವಂತೆ, ಒಂದು ಕೋಶಕ್ಕೆ ಬೆಳಕು ಕಡಿಮೆಯಾದರೆ ಸರಣಿಯ ಎಲ್ಲ ಕೋಶಗಳ ಪ್ರವಾಹವೂ ಕುಗ್ಗುತ್ತದೆ. ಅಷ್ಟೇ ಅಲ್ಲ, ಬೆಳಕಿನಲ್ಲಿರುವ ಕೋಶಗಳು ತಳ್ಳುವ ಪ್ರವಾಹವನ್ನು ನೆರಳಿನ ಕೋಶ ತಡೆದು ತಾನೇ ಕಾಯತೊಡಗುತ್ತದೆ. ಹಾಗೇ ಬಿಟ್ಟರೆ ಆ ಜಾಗ ಕಂದುಗಟ್ಟಿ ಸುಡಬಹುದು, ಗಾಜು ಒಡೆಯಬಹುದು. ಇದನ್ನು ತಪ್ಪಿಸಲು ಫಲಕದ ಹಿಂದಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡುಗಳಿರುತ್ತವೆ. ಒಂದು ಭಾಗದ ಮೇಲೆ ನೆರಳು ಬಿದ್ದರೆ ಡಯೋಡ್ ಆ ಭಾಗವನ್ನು ಬಿಟ್ಟು ಪ್ರವಾಹಕ್ಕೆ ಅಡ್ಡದಾರಿ ಕೊಡುತ್ತದೆ. ಫಲಕ ಉಳಿಯುತ್ತದೆ, ಆದರೆ ಅದರ ಮೂರನೇ ಒಂದು ಪಾಲು ಕೆಲಸದಿಂದ ಹೊರಗುಳಿಯುತ್ತದೆ. ಇಷ್ಟಾಗಲು ಒಂದು ತೆಂಗಿನ ಗರಿಯ ನೆರಳು ಸಾಕು. ಕೋಶಗಳನ್ನು ಹೋಳು ಮಾಡಿದ ಫಲಕದಲ್ಲಿ ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆ ಸರಣಿಗಳಾಗಿರುವುದರಿಂದ ಕೆಳಅಂಚಿಗೆ ಪ್ಯಾರಪೆಟ್ ಗೋಡೆಯ ನೆರಳು ಬಿದ್ದರೂ ಮೇಲಿನ ಅರ್ಧ ದುಡಿಯುತ್ತಿರುತ್ತದೆ.

ನೆರಳನ್ನು ಮೇ ತಿಂಗಳಲ್ಲಿ ನೋಡಿ ಜಾಗ ಗುರುತಿಸಿದರೆ ಮೋಸಹೋಗುವುದು ಖಂಡಿತ. ಡಿಸೆಂಬರಿನಲ್ಲಿ ಬೆಂಗಳೂರಿನ ಸೂರ್ಯ ನಡುಹಗಲಲ್ಲೂ 54 ಡಿಗ್ರಿಯ ಆಸುಪಾಸಿಗಿಂತ ಮೇಲೇರುವುದಿಲ್ಲ. ಎರಡು ಮೀಟರ್ ಎತ್ತರದ ಟ್ಯಾಂಕಿನ ನೆರಳು ಆಗ ಉತ್ತರಕ್ಕೆ ಒಂದೂವರೆ ಮೀಟರ್ ಚಾಚುತ್ತದೆ, ಬೆಳಿಗ್ಗೆ ಸಂಜೆ ಅದಕ್ಕಿಂತಲೂ ಉದ್ದ. ಟ್ಯಾಂಕು, ಮೆಟ್ಟಿಲ ಕೋಣೆಗಳ ದಕ್ಷಿಣಕ್ಕೆ ಫಲಕ ಕೂರಿಸುವುದು ಇದಕ್ಕಾಗಿಯೇ. ಪಕ್ಕದ ಸೈಟು ಖಾಲಿಯಿದ್ದರೆ ಅಲ್ಲಿ ನಾಳೆ ಮೂರಂತಸ್ತು ಏಳಬಹುದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುವುದು ಜಾಣತನ.

ಧೂಳು ನೆರಳಿನ ತಮ್ಮ. ಗಾಜಿನ ಮೇಲೆ ಸಮನಾಗಿ ಕೂತ ಧೂಳು ಬೆಳಕನ್ನು ತುಸು ತುಸುವೇ ತಡೆಯುತ್ತದೆ, ಹಕ್ಕಿಯ ಹಿಕ್ಕೆ ಮಾತ್ರ ಒಂದು ಕೋಶದ ಮೇಲೆ ದಟ್ಟ ನೆರಳಾಗಿ ಕೂರುತ್ತದೆ. ಮಳೆಗಾಲದಲ್ಲಿ ಮಳೆಯೇ ತೊಳೆಯುತ್ತದೆ. ಜನವರಿಯಿಂದ ಮೇವರೆಗೆ, ಅದರಲ್ಲೂ ಕಲ್ಲಿನ ಕ್ರಷರ್, ಇಟ್ಟಿಗೆ ಗೂಡು, ಮಣ್ಣಿನ ರಸ್ತೆಗಳ ಹತ್ತಿರ, ಎರಡು ವಾರಕ್ಕೊಮ್ಮೆ ತೊಳೆಯದಿದ್ದರೆ ಮೀಟರಿನಲ್ಲಿ ಇಳಿತ ಎದ್ದು ಕಾಣುತ್ತದೆ. ತೊಳೆಯುವುದು ಬೆಳಗಿನ ತಂಪಿನಲ್ಲಿ ಆಗಬೇಕು. ಕಾದ ಗಾಜಿಗೆ ತಣ್ಣೀರು ಎರಚಿದರೆ ಸೀಳು ಬಿಡುವ ಭಯವಿದೆ. ಬೋರ್‌ವೆಲ್ಲಿನ ಗಡಸು ನೀರು ಒಣಗಿದರೆ ಬಿಳಿಯ ಉಪ್ಪಿನ ಕಲೆ ಉಳಿಯುತ್ತದೆ, ಬರಬರುತ್ತ ಅದು ಧೂಳಿಗಿಂತ ಹಟಮಾರಿ. ಮೆದು ಬಟ್ಟೆ ಅಥವಾ ರಬ್ಬರ್ ಒರೆಸುಗದಿಂದ ನೀರನ್ನು ಎಳೆದುಹಾಕಿದರೆ ಸಾಕು. ಸೋಪಿನ ಪುಡಿ, ತಂತಿ ಬ್ರಷ್ ಬೇಡವೇ ಬೇಡ. ಪಾವಗಡದಂಥ ಬರದ ಸೀಮೆಯ ಪಾರ್ಕುಗಳಿಗೆ ತೊಳೆಯುವ ನೀರೇ ದೊಡ್ಡ ಪ್ರಶ್ನೆ. ನೀರಿಲ್ಲದೆ ಗುಡಿಸುವ ಯಂತ್ರಗಳು ಒಣ ಪ್ರದೇಶಗಳಲ್ಲಿ ಬಳಕೆಗೆ ಬರುತ್ತಿರುವುದು ಇದರಿಂದ.

ಮೋಡಕ್ಕೆ ಯಾರೂ ಏನೂ ಮಾಡುವಂತಿಲ್ಲ. ತೆಳು ಮೋಡದಲ್ಲಿ ಚದುರಿದ ಬೆಳಕಿನಿಂದಲೂ ಫಲಕ ಒಂದಿಷ್ಟು ಕೊಡುತ್ತದೆ. ಆಗುಂಬೆಯ ಜುಲೈನಂಥ ಕಾರ್ಮೋಡದಲ್ಲಿ ಅದು ಹತ್ತನೇ ಒಂದು ಪಾಲಿಗೆ ಇಳಿಯಬಹುದು.

ಫಲಕದಿಂದ ಹೊರಬರುವುದು ಡಿಸಿ. ಮನೆಗೆ ಬೇಕಾದದ್ದು ಎಸಿ. ನಡುವೆ ಇನ್ವರ್ಟರ್ ಬರುತ್ತದೆ. ಒಳ್ಳೆಯದಾದರೆ ಅದರಲ್ಲಿ ಆಗುವ ನಷ್ಟ ಶೇ. 2 ಅಥವಾ 3. ಅದರ ಇನ್ನೊಂದು ಕೆಲಸ ಹೆಚ್ಚು ಜನರ ಗಮನಕ್ಕೆ ಬರುವುದಿಲ್ಲ. ಬಿಸಿಲು, ಕಾವು ಬದಲಾದಂತೆ ಯಾವ ವೋಲ್ಟೇಜಿನಲ್ಲಿ ಎಳೆದರೆ ಫಲಕದಿಂದ ಅತಿ ಹೆಚ್ಚು ಸಿಗುತ್ತದೋ ಅದನ್ನು ಇನ್ವರ್ಟರ್ ಎಡೆಬಿಡದೆ ಹುಡುಕುತ್ತಿರುತ್ತದೆ. ಗ್ರಿಡ್ಡಿಗೆ ಜೋಡಿಸಿದ, ಬ್ಯಾಟರಿಯಿಲ್ಲದ ವ್ಯವಸ್ಥೆಯಲ್ಲಿ ಕರೆಂಟು ಹೋದರೆ ನಡುಹಗಲಲ್ಲೂ ಮನೆಗೆ ಸೌರವಿದ್ಯುತ್ ಸಿಗುವುದಿಲ್ಲ ಎಂಬುದು ಹೊಸದಾಗಿ ಹಾಕಿಸಿದವರನ್ನು ತಬ್ಬಿಬ್ಬು ಮಾಡುವ ಸಂಗತಿ. ಅದು ದೋಷವಲ್ಲ. ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ಮನೆಯ ಫಲಕದಿಂದ ಶಾಕ್ ಹೊಡೆಯಬಾರದೆಂದು ಇನ್ವರ್ಟರ್ ತಾನಾಗಿ ನಿಂತುಬಿಡುತ್ತದೆ.

ಎಲ್ಲ ಕಳೆದು ಕೂಡಿ ಕೈಗೆ ಬರುವುದೆಷ್ಟು? ಕರ್ನಾಟಕದಲ್ಲಿ ವರ್ಷದ ಸರಾಸರಿಯಲ್ಲಿ ಚದರ ಮೀಟರಿಗೆ ದಿನಕ್ಕೆ 5ರಿಂದ 6 ಯೂನಿಟ್ಟಿನಷ್ಟು ಬಿಸಿಲು ಬೀಳುತ್ತದೆ. ಒಂದು ಕಿಲೋವ್ಯಾಟ್ ಫಲಕ ಚೀಟಿಯ ಪ್ರಕಾರ ದುಡಿದರೆ ಅಷ್ಟೇ ಯೂನಿಟ್ ಕೊಡಬೇಕು. ಕಾವು, ಧೂಳು, ತಂತಿ, ಇನ್ವರ್ಟರುಗಳ ಪಾಲು ಹೋಗಿ ಮುಕ್ಕಾಲು ಭಾಗ ಉಳಿಯುತ್ತದೆ. ಹಾಗಾಗಿ ದಿನಕ್ಕೆ ನಾಲ್ಕು ಯೂನಿಟ್ ಎಂಬ ವಾಡಿಕೆಯ ಲೆಕ್ಕ ಸರಿಯಾದದ್ದೇ. ಮೂರು ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು 300 ಚದರ ಅಡಿ ಬೇಕು, ತಿಂಗಳಿಗೆ 350 ಯೂನಿಟ್ಟಿನ ಆಸುಪಾಸು ಬರುತ್ತದೆ. 2024ರಲ್ಲಿ ಆರಂಭವಾದ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಈ ಅಳತೆಗೆ ಗೊತ್ತುಮಾಡಿದ ಸಹಾಯಧನ 78,000 ರೂಪಾಯಿ.

ಫಲಕ ಒಮ್ಮೆಗೇ ಕೆಡುವುದು ಅಪರೂಪ. ವರ್ಷಕ್ಕೆ ಶೇ. 0.5ರಷ್ಟು ಕುಂದುತ್ತ ಹೋಗುತ್ತದೆ. ಪ್ಲಾಸ್ಟಿಕ್ ಹಾಳೆ ಹಳದಿಗಟ್ಟುವುದು, ಬೆಸುಗೆ ಬಿಡುವುದು, ಬರಿಗಣ್ಣಿಗೆ ಕಾಣದ ಬಿರುಕು ಕೋಶದಲ್ಲಿ ಹಬ್ಬುವುದು ಇದರ ಹಿಂದಿನ ಕಾರಣಗಳು. ಕೂರಿಸುವಾಗ ಫಲಕದ ಮೇಲೆ ಕಾಲಿಟ್ಟು ಓಡಾಡಿದ್ದರೆ ಆ ಬಿರುಕುಗಳು ಮೊದಲ ದಿನವೇ ಹುಟ್ಟಿರುತ್ತವೆ. ಇಪ್ಪತ್ತೈದು ವರ್ಷದ ಕೊನೆಗೂ ಮೂಲ ಸಾಮರ್ಥ್ಯದ ಶೇ. 80ಕ್ಕಿಂತ ಹೆಚ್ಚು ಉಳಿಯುತ್ತದೆಂದು ತಯಾರಕರು ಭರವಸೆ ಕೊಡುತ್ತಾರೆ. ಅಷ್ಟರೊಳಗೆ ಇನ್ವರ್ಟರನ್ನು ಒಮ್ಮೆಯಾದರೂ ಬದಲಿಸಬೇಕಾಗುತ್ತದೆ. ಹಳೆಯ ಫಲಕವನ್ನು ಗುಜರಿಗೆ ಹಾಕುವಂತಿಲ್ಲ. ಅದರಲ್ಲಿ ಗಾಜು, ಅಲ್ಯೂಮಿನಿಯಮ್, ಬೆಳ್ಳಿಯ ಜೊತೆಗೆ ಬೆಸುಗೆಯ ಸೀಸವೂ ಇರುತ್ತದೆ. 2022ರ ಇ-ತ್ಯಾಜ್ಯ ನಿಯಮಗಳು ಸೌರಫಲಕಗಳನ್ನು ತಮ್ಮ ವ್ಯಾಪ್ತಿಗೆ ತಂದು, ಅವುಗಳ ತ್ಯಾಜ್ಯವನ್ನು 2034-35ರವರೆಗೆ ಕೂಡಿಟ್ಟು ಕಾಪಾಡುವ ಹೊಣೆಯನ್ನು ತಯಾರಕರಿಗೆ ಹೊರಿಸಿವೆ.